ಅಂಟಿಗೂ ಉಂಟು ಲೆಕ್ಕ

ಕೆಲ ವರ್ಷಗಳ ಹಿಂದಿನ ಮಾತು. ವಿಜ್ಞಾನ ವಸ್ತುಪ್ರದರ್ಶನದ ಮುನ್ನಾದಿನ ಸಂಜೆ ಒಂಬತ್ತನೇ ತರಗತಿಯ ಹುಡುಗನೊಬ್ಬ, ‘ಸಾರ್, ವಿಮಾನದ ರೆಕ್ಕೆಗೆ ಯಾವ ಅಂಟು ಹಾಕಲಿ?’ ಎಂದು ಕೇಳಿದ. ಅವಸರದಲ್ಲಿದ್ದ ನಾನು, ‘ಯಾವುದಾದರೇನಯ್ಯ, ಗಟ್ಟಿಯಾಗಿ ಹಿಡಿದರಾಯಿತು’ ಎಂದುಬಿಟ್ಟೆ. ಬೆಳಿಗ್ಗೆ ಅವನ ಕೈಯಲ್ಲಿ ಇಲಿ ಕಡಿದಂತಿದ್ದ ಥರ್ಮೋಕೋಲ್ ರೆಕ್ಕೆ! ಮನೆಯಲ್ಲಿದ್ದ, ಚಪ್ಪಲಿಗೆ ಹಚ್ಚುವ ಹಳದಿ ಅಂಟನ್ನು ಬಳಿದಿದ್ದ. ಮೂರು ವಾರದ ಶ್ರಮ ಕರಗಿಹೋಗಿತ್ತು. ಹುಡುಗ ನನ್ನನ್ನು ದೂರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ತಪ್ಪು ಅಂಟಿನದಲ್ಲ. ಥರ್ಮೋಕೋಲ್ ಎಂದರೆ ಉಬ್ಬಿಸಿದ ಪಾಲಿಸ್ಟೈರೀನ್. ಹಳದಿ ಅಂಟಿನಲ್ಲಿರುವ ಟಾಲುಯೀನ್‌ನಂಥ ದ್ರಾವಕಗಳು ಅದನ್ನು ಕರಗಿಸುತ್ತವೆ. ವಿಚಿತ್ರವೆಂದರೆ, ಗಟ್ಟಿ ಪಾಲಿಸ್ಟೈರೀನಿನ ವಿಮಾನದ ಕಿಟ್‌ಗಳಿಗೆ ಈ ಕರಗಿಸುವ ಗುಣವೇ ವರ. ಅವುಗಳಿಗೆಂದೇ ತಯಾರಿಸಿದ ಅಂಟು ಎರಡೂ ಅಂಚುಗಳನ್ನು ತುಸುವೇ ಕರಗಿಸಿ ಒಂದಾಗಿ ಬೆಸೆಯುತ್ತದೆ.

ಹಗುರವಾದ ಬಾಲ್ಸಾ ಮರಕ್ಕೆ ಬಡಗಿಗಳು ಬಳಸುವ ಬಿಳಿ ಅಂಟೇ ಸಾಕು. ಅದರ ನೀರನ್ನು ಮರ ಹೀರಿದಂತೆಲ್ಲ ಅಂಟು ಬಿಗಿಯುತ್ತದೆ. ಪಿನ್ನು ಚುಚ್ಚಿ ಒಂದು ರಾತ್ರಿ ಬಿಡಬೇಕು. ಥರ್ಮೋಕೋಲಿಗೂ ಇದರಿಂದ ಅಪಾಯವಿಲ್ಲ. ಆದರೆ ಅದು ನೀರು ಹೀರದಾದ್ದರಿಂದ ಒಣಗುವುದು ಇನ್ನೂ ನಿಧಾನ.

ಕ್ಷಣದಲ್ಲಿ ಹಿಡಿಯುವ ಸಯನೋಆಕ್ರಿಲೇಟ್ ಅಂಟಿನ ಕಥೆಯೇ ಬೇರೆ. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಬಂದೂಕಿನ ಗುರಿಕಾಜಿಗಾಗಿ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಸಿಕ್ಕಿದ್ದು ಇದು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಆಗ ಬದಿಗಿಟ್ಟರು. 1958ರಲ್ಲಿ ಅದೇ ಗುಣಕ್ಕಾಗಿ ಮಾರುಕಟ್ಟೆಗೆ ತಂದರು. ಇದು ಒಣಗಿ ಗಟ್ಟಿಯಾಗುವುದಲ್ಲ, ತೇವಾಂಶ ತಗುಲಿ ಗಟ್ಟಿಯಾಗುತ್ತದೆ. ಬೆರಳಿಗೆ ಅಷ್ಟು ಬೇಗ ಅಂಟುವುದೂ ಅದಕ್ಕೇ. ಅಂಟಿದರೆ ಎಳೆಯಬೇಡಿ, ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ. ಚೆಲ್ಲಿದರೆ ಹತ್ತಿಯಿಂದ ಒರೆಸಬೇಡಿ. ಹತ್ತಿಯೊಡನೆ ಸೇರಿ ಸುಡುವಷ್ಟು ಬಿಸಿಯಾಗಬಲ್ಲದು. ಇದರ ಸಾಮಾನ್ಯ ಬಗೆಯೂ ಥರ್ಮೋಕೋಲನ್ನು ತಿನ್ನುತ್ತದೆ.

ಮೋಟಾರು, ಚಕ್ರ ಕೂರುವಂಥ ಪೆಟ್ಟು ತಿನ್ನುವ ಜಾಗಕ್ಕೆ ಎರಡು ಟ್ಯೂಬುಗಳ ಎಪಾಕ್ಸಿ ಸರಿ. ಆದರೆ ಅದು ಭಾರ. ಇಲ್ಲಿ ಸನ್ನೆಗೋಲಿನ ಪಾಠ ನೆನಪಿರಲಿ. ಗುರುತ್ವಕೇಂದ್ರದಿಂದ ಮೂತಿಗಿಂತ ಬಾಲ ಮೂರು ಪಟ್ಟು ದೂರವಿದ್ದರೆ, ಬಾಲಕ್ಕೆ ಮೆತ್ತಿದ ಒಂದು ಗ್ರಾಂ ಹೆಚ್ಚುವರಿ ಅಂಟನ್ನು ತೂಗಿಸಲು ಮೂತಿಗೆ ಮೂರು ಗ್ರಾಂ ಸೇರಿಸಬೇಕು. ಒಟ್ಟು ನಾಲ್ಕು ಗ್ರಾಂ ದಂಡ! ಹೆಚ್ಚು ಅಂಟು ಹೆಚ್ಚು ಬಲವೆಂಬುದು ಭ್ರಮೆ. ಚೆನ್ನಾಗಿ ಕೂಡುವ ಅಂಚುಗಳಿಗೆ ತೆಳು ಲೇಪವೇ ಸಾಕು.

ಯಾವ ಅಂಟಾದರೂ ಮೊದಲು ಚೂರೊಂದರ ಮೇಲೆ ಹಚ್ಚಿ ನೋಡಿ. ಐದು ನಿಮಿಷದ ಕೆಲಸ. ಅಂದು ಅಷ್ಟು ಹೇಳಿದ್ದರೆ ಆ ಹುಡುಗನ ರೆಕ್ಕೆ ಉಳಿಯುತ್ತಿತ್ತು. ಪ್ರದರ್ಶನದಲ್ಲಿ ಅವನು ಕರಗಿದ ರೆಕ್ಕೆಯನ್ನೇ ಮೇಜಿನ ಮೇಲಿಟ್ಟು, ಕರಗಿದ್ದೇಕೆಂದು ಬಂದವರಿಗೆಲ್ಲ ವಿವರಿಸಿದ. ಪಕ್ಕದಲ್ಲಿ ನಿಂತು ನಾನೂ ಕೇಳಿಸಿಕೊಂಡೆ.

ಈಗ ಯಾರಾದರೂ ‘ಯಾವ ಅಂಟು ಸಾರ್?’ ಎಂದರೆ, ನಾನು ಮೊದಲು ಕೇಳುವುದು ‘ಯಾವುದಕ್ಕೆ?’ ಎಂದೇ.