ಜ್ವರ ಬಂದ ಮಗುವಿಗೆ ಮದ್ರಸದಲ್ಲೂ ರಜೆ ಇರಲಿ

ಮಳೆಗಾಲ ಹಿಡಿದಿದೆ. ಶಾಲೆ, ಮದ್ರಸ ಶುರುವಾಗಿ ಕೆಲವೇ ವಾರದಲ್ಲಿ ನಮ್ಮ ಮನೆಗಳಲ್ಲಿ ಮೂಗು ಸೋರುವ, ಕೆಮ್ಮುವ ಮಕ್ಕಳ ಸಾಲು. ಒಬ್ಬನಿಗೆ ಬಿಟ್ಟರೆ ಇನ್ನೊಬ್ಬಳಿಗೆ, ಅದು ಮುಗಿಯುವಾಗ ಉಮ್ಮನಿಗೆ. 'ಮಳೆಯಲ್ಲಿ ನೆನೆದದ್ದಕ್ಕೆ ಬಂತು' ಎಂದು ಸುಮ್ಮನಾಗುತ್ತೇವೆ. ಆದರೆ ಶೀತ, ಫ್ಲೂ ಬರುವುದು ವೈರಸಿನಿಂದ. ಮಳೆಗೆ ಕಿಟಕಿ ಮುಚ್ಚಿದ ತರಗತಿ, ಟಾರ್ಪಾಲು ಇಳಿಸಿದ ಆಟೋ, ಇಂಥಲ್ಲಿ ಒಬ್ಬನ ಸೀನು ಹತ್ತು ಮಂದಿಗೆ ತಲುಪ್ತದೆ. ಬೆಳಗ್ಗೆ ಮದ್ರಸ, ಮತ್ತೆ ಶಾಲೆ, ಸಂಜೆ ಟ್ಯೂಷನ್. ನಮ್ಮ ಮಗು ದಿನಕ್ಕೆ ಮೂರು ಗುಂಪಿನಲ್ಲಿ ಕೂರ್ತದೆ ಎಂಬುದನ್ನು ಮರೆಯಬಾರದು.

ನಿಜಕ್ಕಾದರೆ ನಮ್ಮ ಮಕ್ಕಳಿಗೆ ಶುಚಿತ್ವ ಹೊಸ ಪಾಠವೇ ಅಲ್ಲ. ವುಝೂವಿನಲ್ಲಿ ಮೊದಲು ಮುಂಗೈ ತೊಳೆಯಬೇಕು, ಬಾಯಿ ಮುಕ್ಕಳಿಸಬೇಕು, ಮೂಗು ಶುಚಿ ಮಾಡಬೇಕು ಎಂದು ಏಳು ವರ್ಷದ ಮಗುವೂ ಹೇಳ್ತದೆ. ಶುಚಿತ್ವದ ಹದೀಸ್ ಬಾಯಿಪಾಠ ಉಂಟು. ಆದರೆ ವುಝೂವಿನ ನಳ್ಳಿಯ ಹತ್ತಿರ ಸಾಬೂನು ಉಂಟಾ? ಫ್ಲೂ ವೈರಸಿನ ಹೊರಪದರ ಕೊಬ್ಬಿನದ್ದು. ಸಾಬೂನು ಅದನ್ನು ಒಡೆಯುತ್ತದೆ, ಬರೀ ನೀರಿಗೆ ಆ ಶಕ್ತಿ ಇಲ್ಲ. ಮೂಗು ಒರೆಸಿದ ಮೇಲೆ, ಊಟದ ಮೊದಲು 20 ಸೆಕೆಂಡ್ ಸಾಬೂನು ಹಾಕಿ ಉಜ್ಜಬೇಕು. ಬ್ಯಾರಿಯಲ್ಲೋ ಕನ್ನಡದಲ್ಲೋ ನಿಧಾನಕ್ಕೆ ಇಪ್ಪತ್ತರ ತನಕ ಎಣಿಸಲು ಕಲಿಸಿದರೆ ಸಾಕು.

ಸೀನಿದರೆ 'ಅಲ್‌ಹಮ್ದುಲಿಲ್ಲಾಹ್' ಹೇಳಲು ಕಲಿಸಿದ್ದೇವೆ. ಪ್ರವಾದಿಯವರು (ಸ) ಸೀನುವಾಗ ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚಿಕೊಳ್ಳುತ್ತಿದ್ದರು ಎಂಬುದನ್ನೂ ಜೊತೆಗೇ ಕಲಿಸಬೇಕು. ಕರ್ಚೀಫು ಇಲ್ಲದಿದ್ದರೆ ಮೊಣಕೈಯ ಒಳಬದಿ ಆದೀತು. ಅಂಗೈಗೆ ಸೀನಿದರೆ ಅದೇ ಕೈ ಗೆಳೆಯನಿಗೆ ಸಲಾಂ ಕೊಡ್ತದೆ. ಒಂದೇ ಟವೆಲ್, ಒಂದೇ ಗ್ಲಾಸು ಎಲ್ಲರಿಗೂ ಎಂಬ ಅಭ್ಯಾಸವೂ ನಿಲ್ಲಲಿ.

ಇನ್ನು ಮುಖ್ಯ ಮಾತು. ಜೋರು ಮಳೆಗೆ ಜಿಲ್ಲಾಡಳಿತ ರಜೆ ಕೊಡ್ತದೆ, ಜ್ವರಕ್ಕೆ ನಾವು ಕೊಡುವುದಿಲ್ಲ. ಹಾಜರಿ ಹೋಗ್ತದೆ, ಪಾಠ ತಪ್ಪುತ್ತದೆ, ಉಸ್ತಾದರು ಏನೆಂದಾರು ಎಂದು ಮಾತ್ರೆ ನುಂಗಿಸಿ ಕಳಿಸುತ್ತೇವೆ. ಎರಡು ಗಂಟೆ ಕಳೆದು ಜ್ವರ ಏರುವಾಗ ಆ ಮಗು ಬೆಂಚಿನಲ್ಲಿ ಮಂಡೆ ಇಟ್ಟು ಮಲಗಿರುತ್ತದೆ, ಪಕ್ಕದವನಿಗೂ ಅಂಟಿಸಿರುತ್ತದೆ. ಕಾಯಿಲೆಯ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಹತ್ತಿರ ತರಬಾರದೆಂಬ ಹದೀಸ್ ನಮ್ಮಲ್ಲಿದೆ. ಒಂಟೆಗೆ ಇರುವ ಈ ಎಚ್ಚರ ಮಕ್ಕಳ ವಿಷಯದಲ್ಲಿ ಬೇಡವೇ? ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಿಟ್ಟಿದ್ದರೆ ಮಾತ್ರ ಕಳಿಸೋಣ. ತಪ್ಪಿದ ಪಾಠ ನಂತರವೂ ಹೇಳಿಸಬಹುದು.

ಮಗುವಿಗೆ ನಾಲ್ಕು ದಿನದಲ್ಲಿ ಮುಗಿಯುವ ಫ್ಲೂ ಮನೆಯ ಎಲ್ಲರಿಗೂ ಅಷ್ಟು ಸುಲಭವಲ್ಲ. ಸಕ್ಕರೆ ಕಾಯಿಲೆಯ ಅಜ್ಜಿ, ದಮ್ಮಿನ ಅಜ್ಜ, ಗರ್ಭಿಣಿ ಸೊಸೆ, ತೊಟ್ಟಿಲ ಕೂಸು ಇರುವ ಮನೆಗಳು ನಮ್ಮವು. ಇಂಥವರಿಗೆ ಅದು ನ್ಯುಮೋನಿಯಾ ಆಗಬಹುದು. ಶೀತ ಇರುವವರು ಬಾಣಂತಿ ಮನೆಗೆ ಹೋಗಿ ಕೂಸಿಗೆ ಮುತ್ತು ಕೊಡುವುದು ಪ್ರೀತಿಯಲ್ಲ. 6 ತಿಂಗಳು ದಾಟಿದವರಿಗೆ ವರ್ಷಕ್ಕೊಮ್ಮೆ ಹಾಕುವ ಫ್ಲೂ ಲಸಿಕೆ ಉಂಟು, ವೈದ್ಯರಲ್ಲಿ ಕೇಳಿ.

ಶುಂಠಿ ಕಷಾಯ, ಬಿಸಿ ಗಂಜಿ, ವಿಶ್ರಾಂತಿ ಒಳ್ಳೆಯದೇ. ಜೇನು ಮಾತ್ರ 1 ವರ್ಷದೊಳಗಿನ ಕೂಸಿಗೆ ಬೇಡ. ಕಳೆದ ಸಲ ಉಳಿದ ಆ್ಯಂಟಿಬಯಾಟಿಕ್ ಬೇಡವೇ ಬೇಡ, ವೈರಸಿಗೆ ಅದು ನಾಟುವುದಿಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಜ್ವರ ಡೆಂಗಿ, ಮಲೇರಿಯಾವೂ ಆಗಿರಬಹುದು. ಜ್ವರ ಮೂರು ದಿನಕ್ಕೂ ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಮಗು ಏದುಸಿರು ಬಿಟ್ಟರೆ, ಪಕ್ಕೆ ಒಳಗೆಳೆದರೆ, ನೀರು ಕುಡಿಯದೆ ಮಂಕಾದರೆ ದಿನ ಎಣಿಸಬೇಡಿ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಜಮಾಅತ್ ಕಮಿಟಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಪ್ರತಿ ನಳ್ಳಿಗೆ ಒಂದು ಸಾಬೂನು ಇಡಿ. ಮಳೆ ಬಿಟ್ಟಾಗ ತರಗತಿಯ ಕಿಟಕಿ ತೆರೆಸಿ. ಜ್ವರದ ಮಗುವಿನ ಹಾಜರಿ ಕಡಿಯುವುದಿಲ್ಲವೆಂದು ಹೆತ್ತವರಿಗೆ ತಿಳಿಸಿ. ಈ ಜುಮಾದಂದು ಖತೀಬರು ಎರಡು ಮಾತು ಹೇಳಿದರೆ ಮನೆಮನೆಗೂ ತಲುಪೀತು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ, ಮನಸ್ಸು ಬೇಕು ಅಷ್ಟೇ.