ಸುಸ್ತು ಮಾರುವ ಅಂಗಡಿಗಳು

ಬಹಳ ದಿನದಿಂದ ಇದನ್ನು ಬರೀಬೇಕು ಅಂದುಕೊಂಡು ಸೋಮಾರಿತನದಿಂದ ಸುಮ್ಮನಿದ್ದೆ. ಮೊನ್ನೆ ಭಾನುವಾರ ಗೆಳೆಯನೊಬ್ಬ ಫೋನ್ ಮಾಡಿ, "ಮಗಾ, ನಮ್ಮ ಏರಿಯಾದಲ್ಲಿ ಹೊಸ ಕ್ಲಾಸ್ ಓಪನ್ ಆಗಿದೆ. ಬಾಕ್ಸಿಂಗೂ ಡ್ಯಾನ್ಸೂ ಎರಡೂ ಮಿಕ್ಸು. ಫಸ್ಟ್ ಕ್ಲಾಸ್ ಫ್ರೀ, ಬರ್ತೀಯಾ?" ಅಂದ. ಅಷ್ಟೇ, ಹೊಟ್ಟೆಯೊಳಗಿದ್ದ ಸಿಟ್ಟೆಲ್ಲ ಒಟ್ಟಿಗೆ ಹೊರಬಂತು. ಇಪ್ಪತ್ತು ನಿಮಿಷ ಭಾಷಣ ಬಿಗಿದೆ. ಪಾಪ, ಕೊನೆಗೆ "ಸಿಗ್ನಲ್ ಸಿಗ್ತಿಲ್ಲ ಕಣೋ" ಅಂತ ಇಟ್ಟುಬಿಟ್ಟ. ಉಳಿದ ಭಾಷಣ ನಿಮಗೆ :-)

ಮೊದಲೇ ಹೇಳಿಬಿಡುತ್ತೇನೆ, ನಾನು ಹೊರಗೆ ನಿಂತು ಕಲ್ಲು ಹೊಡೆಯುತ್ತಿರುವವನಲ್ಲ. ಕೆಲಸಕ್ಕೆ ಸೇರಿ ಮೂರು ವರ್ಷಕ್ಕೆ ಬೆಲ್ಟಿನಲ್ಲಿ ಎರಡು ಹೊಸ ತೂತು ಹೊಡೆಸಿದವನು ನಾನು. ಗಾಬರಿಯಾಗಿ ಒಂದು ಸ್ಟುಡಿಯೋದಲ್ಲಿ ಎಂಟು ತಿಂಗಳ 'ಎಲ್ಲಾ ಕ್ಲಾಸ್' ಪ್ಯಾಕ್ ತಗೊಂಡೆ. ಜುಂಬಾ ಮಾಡಿದೆ. ಕತ್ತಲೆ ಕೋಣೆಯಲ್ಲಿ ನೀಲಿ ಲೈಟು ಹಾಕಿಕೊಂಡು ಎಲ್ಲಿಗೂ ಹೋಗದ ಸೈಕಲ್ ತುಳಿದೆ. ಕ್ರಾಸ್‌ಫಿಟ್ ಥರದ್ದೊಂದು, ಬೂಟ್‌ಕ್ಯಾಂಪ್ ಥರದ್ದೊಂದು, ಟಬಾಟ ಅಂತೊಂದು. ಬಿಸಿ ಕೋಣೆಯ ಯೋಗಕ್ಕೂ ಒಂದು ದಿನ ಹೋದೆ. ನಲವತ್ತು ಡಿಗ್ರಿಯಲ್ಲಿ ಆಸನ ಹಾಕೋಕೆ ದುಡ್ಡು ಕೊಡಬೇಕಂತೆ! ಮೇ ತಿಂಗಳಲ್ಲಿ ರಾಯಚೂರಿಗೆ ಬಸ್ ಹತ್ತಿದರೆ ಅದು ಪುಕ್ಕಟೆ ಸಿಗುತ್ತೆ ಮಾರಾಯ್ರೇ.

ಎಂಟು ತಿಂಗಳಲ್ಲಿ ಬೆವರಿದ್ದು ಸುಳ್ಳಲ್ಲ. ಗೋಡೆ ಮೇಲಿನ ಪರದೆಯಲ್ಲಿ ನನ್ನ ಹೆಸರಿನ ಮುಂದೆ ಐನೂರು, ಆರುನೂರು ಕ್ಯಾಲೊರಿ ಅಂತ ಬರುತ್ತಿತ್ತು. ಮಾರನೇ ದಿನ ಆಫೀಸಿನಲ್ಲಿ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿದುಕೊಂಡು "ಅಯ್ಯೋ ಅಮ್ಮಾ" ಅಂದರೆ ಅದೂ ಒಂಥರಾ ಹೆಮ್ಮೆ. ಆದರೆ ನಮ್ಮ ಮನೆ ಇರೋದು ಮೂರನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟು ಹೋಗೋದು ವಾರಕ್ಕೆರಡು ಸಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಹೊತ್ತರೆ ಎರಡನೇ ಮಹಡಿಯಲ್ಲಿ ಇಳಿಸಿ ಏದುಸಿರು ಬಿಡುತ್ತಿದ್ದೆ. ಇದು ಪ್ಯಾಕ್ ತಗೊಳ್ಳೋಕೆ ಮುಂಚಿನ ಮಾತು. ಪ್ಯಾಕ್ ಮುಗಿಯುತ್ತಾ ಬಂದಾಗ? ಅದೇ ಎರಡನೇ ಮಹಡಿ, ಅದೇ ಏದುಸಿರು.

ಅಲ್ಲಿಗೆ ಅನುಮಾನ ಶುರುವಾಯಿತು. ಎಂಟು ತಿಂಗಳು ನಾನು ಕೊಂಡದ್ದು ಶಕ್ತಿಯನ್ನಲ್ಲ, ಸುಸ್ತನ್ನು.

ಈ ವ್ಯಾಪಾರ ನಡೆಯುವ ರೀತಿ ನೋಡಿ. ಮೈಕೈ ನೋವು ಬರೋದು ಹೆಚ್ಚಾಗಿ ಅಭ್ಯಾಸವಿಲ್ಲದ ಕೆಲಸ ಮಾಡಿದಾಗ. ಅದೇ ವ್ಯಾಯಾಮವನ್ನು ಮೂರ್ನಾಲ್ಕು ಸಲ ಮಾಡಿದರೆ ಸ್ನಾಯು ಹೊಂದಿಕೊಳ್ಳುತ್ತದೆ, ನೋವು ಕಮ್ಮಿಯಾಗುತ್ತದೆ. ಅಂದರೆ ದೇಹ ಸುಧಾರಿಸುತ್ತಿದ್ದರೆ ನೋವು ಇಳೀಬೇಕು. ಗಿರಾಕಿ ಮಾತ್ರ ನೋವನ್ನೇ 'ಕೆಲಸ ಮಾಡ್ತಿದೆ' ಅಂತ ನಂಬಿರುತ್ತಾನೆ. ನೋವು ಇಲ್ಲದಿದ್ದರೆ ದುಡ್ಡು ದಂಡ ಅಂದುಕೊಳ್ಳುತ್ತಾನೆ. ಹಾಗಾಗಿ ಅವನಿಗೆ ಪ್ರತಿವಾರ ಹೊಸದೇನೋ ಕೊಡಬೇಕು. ಇವತ್ತು ಹಗ್ಗ ಬೀಸು, ನಾಳೆ ಪೆಟ್ಟಿಗೆ ಮೇಲೆ ಹಾರು, ನಾಡಿದ್ದು ಒಂಟಿ ಕಾಲಲ್ಲಿ ಕುಣಿ. ಇದಕ್ಕೆ 'ಸ್ನಾಯುವನ್ನು ಗೊಂದಲಕ್ಕೆ ಕೆಡವಬೇಕು' ಅಂತ ಒಂದು ಸಿದ್ಧಾಂತ ಬೇರೆ. ಸ್ನಾಯುವಿಗೆ ಏನೂ ಗೊಂದಲವಾಗಲ್ಲ ಸ್ವಾಮಿ, ಗೊಂದಲ ಆಗೋದು ನಮಗೆ. ನಮ್ಮ ಕೆಲಸದಲ್ಲಿ ಒಂದೇ ರಾತ್ರಿ ಹತ್ತು ಬದಲಾವಣೆ ಮಾಡಿ, ಲಾಗ್ ಕೂಡ ಇಡದೆ ಪ್ರೊಡಕ್ಷನ್‌ಗೆ ಹಾಕಿದರೆ ಯಾವುದರಿಂದ ಏನಾಯಿತು ಅಂತ ಯಾರಿಗಾದರೂ ಗೊತ್ತಾಗುತ್ತಾ? ಮ್ಯಾನೇಜರ್ ಚರ್ಮ ಸುಲೀತಾನೆ. ಇಲ್ಲಿ ಅದಕ್ಕೇ ಫೀಸು!

ಟಬಾಟದ ಕಥೆ ಇನ್ನೂ ಮಜವಾಗಿದೆ. ಇಝುಮಿ ಟಬಾಟ ಅನ್ನುವ ಜಪಾನಿನ ವಿಜ್ಞಾನಿ ಮತ್ತವರ ಸಂಗಡಿಗರು 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಧಾನ ಹುಟ್ಟಿದ್ದು ಸ್ಪೀಡ್ ಸ್ಕೇಟಿಂಗ್ ಆಟಗಾರರ ತರಬೇತಿಯಿಂದ. ಅಧ್ಯಯನದಲ್ಲಿದ್ದವರು ಗಟ್ಟಿಮುಟ್ಟಾದ ಕಾಲೇಜು ಹುಡುಗರು. ವ್ಯಾಯಾಮದ ಸೈಕಲ್ ಮೇಲೆ ಇಪ್ಪತ್ತು ಸೆಕೆಂಡು ಜೀವ ಹೋಗುವ ಹಾಗೆ ತುಳಿಯೋದು, ಹತ್ತು ಸೆಕೆಂಡು ವಿರಾಮ, ಹೀಗೆ ಏಳೆಂಟು ಸಲ. ಒಟ್ಟು ಸುಮಾರು ನಾಲ್ಕೇ ನಿಮಿಷ. ಅಷ್ಟರಲ್ಲಿ ಆ ಹುಡುಗರು ಮುಂದೆ ಒಂದು ಸುತ್ತೂ ತುಳಿಯಲಾಗದಷ್ಟು ಬಳಲಬೇಕು, ಅದೇ ಲೆಕ್ಕ. ಈಗ ಹೇಳಿ, ನಮ್ಮ ಸ್ಟುಡಿಯೋದಲ್ಲಿ 'ಟಬಾಟ, 45 ನಿಮಿಷ' ಅಂತ ಬೋರ್ಡು ಹಾಕಿದ್ದರಲ್ಲ, ಅದು ಏನು? ನಲವತ್ತೈದು ನಿಮಿಷ ಮಾಡಲು ಆಗುತ್ತಿದೆ ಅಂದರೆ ಅದು ಟಬಾಟ ಅಲ್ಲ. ನಿಜವಾದ ಟಬಾಟ ಆದರೆ ಐದನೇ ನಿಮಿಷಕ್ಕೆ ಎಲ್ಲರೂ ಮನೆಗೆ ಹೋಗಬೇಕು, ಆಗ ಗಂಟೆಯ ಫೀಸು ವಸೂಲಾಗಲ್ಲ. ಬೋರ್ಡಿಗೆ ವಿಜ್ಞಾನಿಯ ಹೆಸರು ಬೇಕು, ಒಳಗೆ ಅವರ ವಿಜ್ಞಾನ ಬೇಡ.

(ಜುಂಬಾ ಬಗ್ಗೆ ಮಾತ್ರ ನಂಗೆ ತಕರಾರಿಲ್ಲ. ಕೊಲಂಬಿಯಾದ ಕಾಲಿ ಊರಿನ ಬೆಟೊ ಪೆರೆಜ್ ಏರೋಬಿಕ್ಸ್ ಕ್ಲಾಸಿನ ಕ್ಯಾಸೆಟ್ ಮರೆತು ಬಂದು, ಕೈಯಲ್ಲಿದ್ದ ಸಾಲ್ಸಾ ಹಾಡು ಹಾಕಿ ಕುಣಿಸಿದ್ದರಿಂದ ಶುರುವಾದದ್ದು ಅಂತ ಅವರೇ ಹೇಳಿಕೊಳ್ಳುತ್ತಾರೆ. ಅದು ಕುಣಿತ, ಕುಣಿತ ಅಂತಲೇ ಮಾರಾಟವಾಗುತ್ತೆ. ಕುಣಿದರೆ ಖುಷಿ, ಎದೆಬಡಿತಕ್ಕೂ ಒಳ್ಳೆಯದು. ಖುಷಿಗೆ ಹೋಗುವವರು ಹೋಗಿ, ನಾನೂ ಹೋಗ್ತೀನಿ.)

ಇಷ್ಟಕ್ಕೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಾಗುತ್ತಿದ್ದೆ. ನಂಗೆ ನಿಜವಾಗಿ ಉರಿದದ್ದು ಅಮ್ಮನ ವಿಷಯದಲ್ಲಿ.

ಅಮ್ಮನಿಗೆ ಐವತ್ತೇಳು. ಅಪ್ಪ ರಿಟೈರ್ ಆದ ಮೇಲೆ ಚನ್ನರಾಯಪಟ್ಟಣದಿಂದ ಇಬ್ಬರೂ ಇಲ್ಲಿಗೆ ಬಂದಿದ್ದಾರೆ. ರಂಗೋಲಿ ಹಾಕಲು ಕೂತರೆ ಏಳುವಾಗ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಾರೆ. ಊರಿಗೆ ಹೋಗೋದು ಅಂದರೆ ಈಗೀಗ ಹಿಂದೇಟು. ಅಲ್ಲಿನ ಮನೆಯಲ್ಲಿರೋದು ಕುಕ್ಕರುಗಾಲಲ್ಲಿ ಕೂರುವ ಟಾಯ್ಲೆಟ್ಟು. ಇದನ್ನು ನನಗೆ ನೇರ ಹೇಳಲಿಲ್ಲ, ಅಪ್ಪನ ಕೈಲಿ ಹೇಳಿಸಿದರು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಮಂಡಿ ಸ್ವಲ್ಪ ಸವೆದಿದೆ, ಆಪರೇಷನ್ ಏನೂ ಬೇಡ. ತೊಡೆ ಸ್ನಾಯು ಗಟ್ಟಿ ಮಾಡ್ಕೊಳ್ಳಿ" ಅಂದರು. ನಾನು ದೊಡ್ಡ ಬುದ್ಧಿವಂತ, "ನಂಜೊತೆ ಕ್ಲಾಸಿಗೆ ಬಾ ಅಮ್ಮ" ಅಂದೆ. ಅಮ್ಮ ಮೊದಲು ಒಪ್ಪಲೇ ಇಲ್ಲ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದ ಮೇಲೆ ನಮ್ಮಂಥ ಎಷ್ಟೋ ಮನೆಗಳಲ್ಲಿ ಜಿಮ್ ಅಂದರೆ ಭಯ. ಕಾರಣ ಅದೇ ಅಂತ ಯಾರೂ ಸಾಬೀತು ಮಾಡಿಲ್ಲ, ಆದರೆ ಭಯಕ್ಕೆ ಸಾಬೀತು ಬೇಕೆ? "ನೀನೂ ಹೋಗಬೇಡ ಕಣೋ" ಅಂತ ನಂಗೂ ಎಷ್ಟೋ ಸಲ ಹೇಳಿದ್ದರು. ಹೇಗೋ ಒಪ್ಪಿಸಿ, ಸೀರೆ ಬಿಡಿಸಿ, ಅಕ್ಕನ ಚೂಡಿದಾರ್ ಹಾಕಿಸಿ ಕರೆದುಕೊಂಡು ಹೋದೆ.

ಒಳಗೆ ಇಪ್ಪತ್ತೆಂಟು ಜನ, ಒಬ್ಬ ಟ್ರೈನರು, ಒಂದು ಮೈಕು, ಕಿವಿ ಹರಿಯುವ ಹಾಡು. "ಆಂಟಿ, ನೀವು ಹಿಂದ್ಗಡೆ ನಿಂತ್ಕೊಳಿ, ಆದಷ್ಟು ಮಾಡಿ" ಅಂತ ಹರಕು ಕನ್ನಡದಲ್ಲಿ ಅಂದದ್ದೇ ಕೊನೆ. ಆಮೇಲೆ ಎಲ್ಲಾ ಇಂಗ್ಲಿಷು, ಹಿಂದಿ. ಮಂಡಿ ನೋವಿದೆಯಾ ಅಂತ ಕೇಳಲಿಲ್ಲ. ನಾನು ಫಾರ್ಮಿನಲ್ಲಿ ಬರೆದಿದ್ದೆ, ಅದನ್ನು ಯಾರೂ ಓದಿರಲಿಲ್ಲ. "ಸ್ಕ್ವಾಟ್, ಸ್ಕ್ವಾಟ್!" ಅಂತ ಕೂಗಿದಾಗ ಅಮ್ಮ ನನ್ನ ಮುಖ ನೋಡಿದರು. "ಬಸ್ಕಿ ಅಮ್ಮ, ಬಸ್ಕಿ" ಅಂದೆ. ನಕ್ಕುಬಿಟ್ಟರು, "ಇದನ್ನ ಮೇಷ್ಟ್ರು ಪುಕ್ಕಟೆ ಮಾಡಿಸ್ತಿದ್ರಲ್ಲೋ!" ಹತ್ತು ನಿಮಿಷಕ್ಕೆ ನಗು ನಿಂತಿತು. ಎಲ್ಲರೂ ಹಾರುತ್ತಿದ್ದಾರೆ, ಹಿಂದಿನ ಸಾಲಲ್ಲಿ ಸುಮ್ಮನೆ ನಿಲ್ಲೋಕೆ ನಾಚಿಕೆ, ಅಮ್ಮನೂ ಹಾರಿದರು. ಮಂಡಿ ಊದಿಕೊಂಡು ಎರಡು ವಾರ ಕುಂಟಿದರು. ಕೇಳೋಕೆ ಹೋದರೆ ಕೌಂಟರಿನಲ್ಲಿ ಸಿಕ್ಕ ಉತ್ತರ: "ಸರ್, ಏಜ್ ಆದವ್ರಿಗೆ ವಾಕಿಂಗ್ ಬೆಸ್ಟು."

ವಾಕಿಂಗ್ ಬೆಸ್ಟು! ಈ ಒಂದು ಮಾತಿನ ಮೇಲೆ ನನ್ನ ಸಿಟ್ಟೆಲ್ಲ ನಿಂತಿದೆ. ನಡಿಗೆ ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸೂಚನೆಯಲ್ಲಿ, ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆಯ *ಜೊತೆಗೆ* ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಅಂತಿದೆ. ವಯಸ್ಸಾದವರಿಗೂ ಅದರಿಂದ ವಿನಾಯಿತಿ ಇಲ್ಲ, ಅರವತ್ತೈದು ದಾಟಿದವರಿಗೆ ಬೀಳದಂತೆ ಸಮತೋಲನದ ಅಭ್ಯಾಸವೂ ಸೇರುತ್ತೆ. 1990ರಲ್ಲಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಡಾ. ಫಿಯಾಟರೋನ್ ಅನ್ನುವವರ ತಂಡ ಸರಾಸರಿ ತೊಂಬತ್ತು ವರ್ಷದ ಹತ್ತು ಜನರಿಗೆ ಎಂಟು ವಾರ ಕಾಲಿಗೆ ಭಾರದ ವ್ಯಾಯಾಮ ಮಾಡಿಸಿತು. ತೊಂಬತ್ತು! ಪೂರ್ತಿ ಮುಗಿಸಿದವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಅವರನ್ನು ಯಾರೂ ಹಾರಿಸಲಿಲ್ಲ, ಹಾಡು ಹಾಕಲಿಲ್ಲ. ಒಬ್ಬೊಬ್ಬರಿಗೆ ಎಷ್ಟು ಎತ್ತಲು ಆಗುತ್ತೆ ಅಂತ ಅಳೆದು, ಅದರ ಒಂದು ಪಾಲಿನಿಂದ ಶುರು ಮಾಡಿ, ಮೆಲ್ಲಗೆ ಏರಿಸಿದರು ಅಷ್ಟೇ. ಈ ಏರಿಸುವ ಲೆಕ್ಕವೂ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡಿಲೋರ್ಮ್ ಅನ್ನುವ ಅಮೆರಿಕದ ಸೇನಾ ವೈದ್ಯರು ಗಾಯಾಳು ಸೈನಿಕರ ಕಾಲುಗಳಿಗೆ ಇದನ್ನೇ ಮಾಡಿಸಿ ಬರೆದಿಟ್ಟರು.

ಬಲ ಅತ್ಯಗತ್ಯವಾಗಿ ಬೇಕಿರೋದು ಯಾರಿಗೆ? ಪರದೆಯಲ್ಲಿ ಕ್ಯಾಲೊರಿ ನೋಡಿ ಹಿಗ್ಗುವ ನನಗಲ್ಲ. ಬಾಗಿಲ ಚೌಕಟ್ಟು ಹಿಡಿದು ಏಳುವವರಿಗೆ. ಅವರನ್ನೇ ಈ ಸ್ಟುಡಿಯೋಗಳು ಹಿಂದಿನ ಸಾಲಿಗೆ ತಳ್ಳಿ, ಆಮೇಲೆ ಪಾರ್ಕಿಗೆ ಅಟ್ಟುತ್ತವೆ. ಯಾಕೆಂದರೆ ಅವರನ್ನು ನೋಡಿಕೊಳ್ಳಬೇಕಾದರೆ ಒಬ್ಬೊಬ್ಬರ ಹಿಂದಿನ ವಾರದ ಲೆಕ್ಕ ಗೊತ್ತಿರಬೇಕು. ಇಪ್ಪತ್ತೆಂಟು ಜನರಿಗೆ ಒಂದು ಮೈಕಿನಲ್ಲಿ ಅದು ಆಗುವ ಕೆಲಸವಲ್ಲ. ಟ್ರೈನರ್ ಹುಡುಗರ ಮೇಲೆ ನನಗೆ ದ್ವೇಷವಿಲ್ಲ, ಬೆಳಗ್ಗೆ ಐದೂವರೆಗೆ ಶುರು ಮಾಡಿ ಗಂಟಲು ಹರಿದುಕೊಳ್ಳುತ್ತಾರೆ. ಕ್ಲಾಸನ್ನು ಹೀಗೆ ಕಟ್ಟಿದವರು ಬೇರೆ.

ಇನ್ನು ನಮ್ಮವರ ಕಡೆ ತಿರುಗುತ್ತೇನೆ, ಬೈಯ್ಯಬೇಡಿ. ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರ ಕೈ ಆಗಲೇ ಕೀಬೋರ್ಡಿನ ಮೇಲೆ ಓಡುತ್ತಿರುತ್ತೆ, 'ಅದಕ್ಕೇ ಹೇಳೋದು, ನಮ್ಮ ಹಿರಿಯರು ಬೀಸೋಕಲ್ಲು ಬೀಸಿ, ಬಾವಿ ನೀರು ಸೇದಿ ಎಷ್ಟು ಗಟ್ಟಿಯಾಗಿದ್ದರು' ಅಂತ. ದಯವಿಟ್ಟು ಬೇಡ. ನಮ್ಮಮ್ಮ ಬಾವಿಯಿಂದ ನೀರು ಸೇದಿದವರೇ, ಸೊಂಟದ ಮೇಲೊಂದು ತಲೆ ಮೇಲೊಂದು ಕೊಡ ಹೊತ್ತವರೇ, ಒರಳಲ್ಲಿ ದೋಸೆ ಹಿಟ್ಟು ರುಬ್ಬಿದವರೇ. ಆ ಮಂಡಿಯೇ ಇವತ್ತು ಸವೆದಿರೋದು. ಅದು ವ್ಯಾಯಾಮ ಆಗಿರಲಿಲ್ಲ, ದುಡಿತ. ಸುಸ್ತಾದರೂ, ಜ್ವರ ಬಂದರೂ, ಬಸುರಿಯಾದರೂ ಬಿಡುವಿಲ್ಲದ ದುಡಿತ. ವಿಶ್ರಾಂತಿ ಇಲ್ಲದ ಭಾರಕ್ಕೂ ಲೆಕ್ಕವಿಟ್ಟು ಏರಿಸುವ ಭಾರಕ್ಕೂ ಅಜಗಜಾಂತರ. ಗರಡಿ ಮನೆಯಲ್ಲಿ ಈ ಲೆಕ್ಕ ಇತ್ತು, ಒಪ್ಪುತ್ತೇನೆ. ಇಷ್ಟು ದಂಡ, ಇಷ್ಟು ಬಸ್ಕಿ, ಸಣ್ಣ ಕಲ್ಲು ಆದಮೇಲೆ ದೊಡ್ಡ ಕಲ್ಲು. ಆದರೆ ಅದರ ಹೊಸ್ತಿಲು ದಾಟೋಕೆ ನಮ್ಮಜ್ಜಿಗೆ, ಅಮ್ಮನಿಗೆ ಬಿಡುತ್ತಿದ್ದರಾ? ನೆನಪಿಸಿಕೊಂಡು ಎದೆಯುಬ್ಬಿಸುವ ಮೊದಲು ಅದನ್ನೂ ನೆನೆಯೋಣ.

ಕನ್ನಡದ ವಿಷಯಕ್ಕೆ ಒಂದೇ ಮಾತು. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದ ಕೆ. ವಿ. ಅಯ್ಯರ್ ಇದೇ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದವರು, ಅಂಚೆಯಲ್ಲೂ ವ್ಯಾಯಾಮ ಪಾಠ ಕಳಿಸುತ್ತಿದ್ದವರು. ಕನ್ನಡದ ಕಾದಂಬರಿಕಾರನೇ ಕಸರತ್ತು ಕಲಿಸಿದ ಊರಿನಲ್ಲಿ ಇವತ್ತು "ಮಂಡಿ ಬಗ್ಗಿಸಿ, ಹಿಮ್ಮಡಿ ಎತ್ತಬೇಡಿ" ಅಂತ ಹೇಳುವವರು ನಮಗೆ ಸಿಗಲಿಲ್ಲ. ಇದು ಅಭಿಮಾನದ ಪ್ರಶ್ನೆ ಅಲ್ಲ, ಮಂಡಿಯ ಪ್ರಶ್ನೆ. ಅರ್ಥವಾಗದ ಸೂಚನೆಯಿಂದ ಪೆಟ್ಟಾಗುತ್ತೆ.

ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆವು. ಕುರ್ಚಿ ಮೇಲೆ ಎರಡು ದಿಂಬು ಇಟ್ಟು, ಕೈ ಊರದೆ ಕೂತು ಏಳೋದು. ಮೊದಲ ವಾರ ಐದು ಸಲ, ದಿನ ಬಿಟ್ಟು ದಿನ. ಸುಲಭವಾದ ಮೇಲೆ ಎಂಟು, ಆಮೇಲೆ ಹತ್ತು, ಆಮೇಲೆ ಒಂದು ದಿಂಬು ತೆಗೆಯೋದು. ಬೋರು ಅಂದರೆ ಬೋರು. ಅಮ್ಮ ಹಾಲಿನ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡುತ್ತಾರೆ. ಐದನೇ ತಿಂಗಳಿಗೆ ದಿಂಬು ಎರಡೂ ಹೋಗಿ, ಎರಡೂ ಕೈಯಲ್ಲಿ ಒಂದೊಂದು ಲೀಟರ್ ನೀರಿನ ಬಾಟಲಿ ಬಂದಿದೆ. ನೋವು ಪೂರ್ತಿ ಹೋಗಿಲ್ಲ, ಚಳಿಗೆ ಕಾಡುತ್ತೆ. ಆದರೆ ಯುಗಾದಿಗೆ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ನಾನೂ ಮನೆ ಹತ್ತಿರದ ಹಳೇ ಜಿಮ್ಮಿನಲ್ಲಿ ಅದೇ ನಾಲ್ಕು ವ್ಯಾಯಾಮ ಮಾಡಿ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ನೀರಿನ ಕ್ಯಾನು ಈಗ ನೇರ ಮೂರನೇ ಮಹಡಿಗೆ ಹೋಗುತ್ತೆ, ಒಳಗೆ ಬಂದ ಮೇಲೆ ಏದುಸಿರು ಬಿಡ್ತೀನಿ :-)

ಅಂದಹಾಗೆ ಆ ಸ್ಟುಡಿಯೋದಲ್ಲಿ ನನ್ನ ಹೆಸರಲ್ಲಿ ಇನ್ನೂ ಹನ್ನೊಂದು ಕ್ಲಾಸ್ ಬಾಕಿ ಇವೆ. ಯಾರಿಗಾದರೂ ಕೊಡೋಣ ಅಂತ ಕೇಳಿದೆ. ಟ್ರಾನ್ಸ್‌ಫರ್ ಇಲ್ಲವಂತೆ, ರೀಫಂಡ್ ಅಂತೂ ಇಲ್ಲವೇ ಇಲ್ಲ. "ಸರ್, ಮದರ್‌ನ ಕರ್ಕೊಂಡು ಬನ್ನಿ, ಈಗ ಚೇರ್ ಯೋಗ ಸ್ಟಾರ್ಟ್ ಮಾಡಿದೀವಿ" ಅಂದರು. ಅಮ್ಮನಿಗೆ ಹೇಳಿದೆ. "ಕುರ್ಚಿ ಮನೇಲೇ ಇದ್ಯಲ್ಲೋ" ಅಂತ ಮತ್ತೆ ಎಣಿಸೋಕೆ ಶುರು ಮಾಡಿದರು.