ಗ್ರೀನ್ಸ್ ಹೋಟೆಲಿನಿಂದ ಬ್ರೆಬೋರ್ನ್ ಕ್ರೀಡಾಂಗಣದವರೆಗೆ

1958ರ ಫೆಬ್ರವರಿ 28ರಂದು ಲೋಕಸಭೆಯಲ್ಲಿ ಮುಂಗಡಪತ್ರವನ್ನು ಮಂಡಿಸಿದವರು ಸ್ವತಃ ಪ್ರಧಾನಿ ಜವಾಹರಲಾಲ್ ನೆಹರೂ. ಮುಂದ್ರಾ ಪ್ರಕರಣದ ಬಿರುಗಾಳಿಗೆ ಸಿಲುಕಿ ಟಿ.ಟಿ. ಕೃಷ್ಣಮಾಚಾರಿಯವರು ಕೆಲವೇ ದಿನಗಳ ಹಿಂದೆ ರಾಜೀನಾಮೆ ನೀಡಿದ್ದರಿಂದ ಹಣಕಾಸು ಖಾತೆಯ ಹೊಣೆ ಪ್ರಧಾನಿಯವರ ಮೇಲೆಯೇ ಬಿದ್ದಿತ್ತು. ಹಿಂದಿನ ವರ್ಷವಷ್ಟೇ ಸಂಪತ್ತು ತೆರಿಗೆ ಹಾಗೂ ವೆಚ್ಚ ತೆರಿಗೆಗಳನ್ನು ಕಂಡಿದ್ದ ದೇಶಕ್ಕೆ ಆ ವರ್ಷ ದಾನ ತೆರಿಗೆಯೂ ಬಂದಿತು. ಅದೇ ವರ್ಷ ಮುಂಬಯಿಯ ಗ್ರೀನ್ಸ್ ಹೋಟೆಲಿನ ಚಿಕ್ಕ ಸಭಾಂಗಣವೊಂದರಲ್ಲಿ 38 ವರ್ಷದ ನ್ಯಾಯವಾದಿ ನಾನಿ ಪಾಲ್ಖಿವಾಲಾ ಅವರು ಆ ಮುಂಗಡಪತ್ರದ ಒಳಹೊರಗನ್ನು ಸಾರ್ವಜನಿಕರಿಗೆ ಬಿಡಿಸಿ ಹೇಳಿದರು. ಹೋಟೆಲು ಈಗಿಲ್ಲ; ಆ ಜಾಗದಲ್ಲಿ ತಾಜ್ ಹೋಟೆಲಿನ ಗೋಪುರ ಕಟ್ಟಡ ನಿಂತಿದೆ. ಅಲ್ಲಿ ಆರಂಭವಾದ ಉಪನ್ಯಾಸ ಪರಂಪರೆ ಮಾತ್ರ 1994ರವರೆಗೆ ನಡೆಯಿತು.

ಈ ಉಪನ್ಯಾಸಗಳನ್ನು ಏರ್ಪಡಿಸಿದ್ದು ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್. 1956ರಲ್ಲಿ ಅದನ್ನು ಕಟ್ಟಿದವರು ಎ.ಡಿ. ಶ್ರಾಫ್. ಆ ವರ್ಷದ ಮಹತ್ವವನ್ನು ವಾಣಿಜ್ಯ ವಲಯದ ಹಿರಿಯರಿಗೆ ವಿವರಿಸಬೇಕಿಲ್ಲ. ಜನವರಿಯಲ್ಲಿ ಜೀವವಿಮೆಯ ರಾಷ್ಟ್ರೀಕರಣ, ಏಪ್ರಿಲ್‌ನಲ್ಲಿ ಕೈಗಾರಿಕಾ ನೀತಿ ನಿರ್ಣಯ, ಅದರ ಬೆನ್ನಿಗೇ ಎರಡನೆಯ ಪಂಚವಾರ್ಷಿಕ ಯೋಜನೆ. ಶ್ರಾಫ್ ಅವರನ್ನು ಯೋಜನೆಯ ಕಡುವಿರೋಧಿಯೆಂದು ಚಿತ್ರಿಸುವುದು ರೂಢಿ, ಅದು ಅರ್ಧಸತ್ಯ. 1944ರ ಬಾಂಬೆ ಯೋಜನೆಗೆ ಸಹಿ ಹಾಕಿದ ಎಂಟು ಮಂದಿಯಲ್ಲಿ ಅವರೂ ಒಬ್ಬರು. ಅದೇ ವರ್ಷ ಬ್ರೆಟನ್ ವುಡ್ಸ್ ಸಮ್ಮೇಳನಕ್ಕೆ ತೆರಳಿದ ಭಾರತದ ನಿಯೋಗದಲ್ಲೂ ಇದ್ದರು. ಪ್ರಭುತ್ವಕ್ಕೆ ಆರ್ಥಿಕತೆಯಲ್ಲಿ ದೊಡ್ಡ ಪಾತ್ರವಿರಬೇಕೆಂದು ಬರೆದುಕೊಟ್ಟವರೇ ಹನ್ನೆರಡು ವರ್ಷಗಳ ತರುವಾಯ ಆ ಪಾತ್ರಕ್ಕೆ ಮಿತಿಯಿರಬೇಕೆಂದು ವೇದಿಕೆ ಕಟ್ಟಿದರು. ಇದನ್ನು ದ್ವಂದ್ವವೆನ್ನುವುದಕ್ಕಿಂತ ಅನುಭವದಿಂದ ಕಲಿತ ಪಾಠವೆನ್ನುವುದು ಹೆಚ್ಚು ನ್ಯಾಯವಾದೀತು.

ಉದ್ಯಮಿಗಳು ಗಣ್ಯರನ್ನು ಕರೆಸಿ ಭಾಷಣ ಕೇಳುವ ಪದ್ಧತಿ ಹೊಸದೇನಲ್ಲ. 1907ರಲ್ಲಿ ಸ್ಥಾಪನೆಗೊಂಡ ನ್ಯೂಯಾರ್ಕಿನ ಎಕನಾಮಿಕ್ ಕ್ಲಬ್ ಇದಕ್ಕೆ ಹೆಸರಾದುದು. 1962ರ ಡಿಸೆಂಬರ್ 14ರಂದು ಅಧ್ಯಕ್ಷ ಕೆನಡಿ ತೆರಿಗೆ ದರಗಳನ್ನು ಇಳಿಸುವ ವಾದವನ್ನು ಮುಂದಿಟ್ಟದ್ದು ಅಲ್ಲಿಯೇ. ಅವರ ನಿಧನಾನಂತರ 1964ರಲ್ಲಿ ಬಂದ ಶಾಸನ ವೈಯಕ್ತಿಕ ಆದಾಯದ ಗರಿಷ್ಠ ದರವನ್ನು ಶೇಕಡಾ 91ರಿಂದ 70ಕ್ಕೆ ಇಳಿಸಿತು. ಆ ಕ್ಲಬ್ಬಿನಲ್ಲಿ ಒಂದು ಒಳ್ಳೆಯ ಸಂಪ್ರದಾಯವಿದೆ. ಭಾಷಣ ಮುಗಿದ ಮೇಲೆ ನಿಯೋಜಿತರಾದ ಇಬ್ಬರು ಅತಿಥಿಯನ್ನು ಪ್ರಶ್ನಿಸುತ್ತಾರೆ. ಆದರೆ ಅದು ಸದಸ್ಯರ ಭೋಜನಕೂಟ. ಮುಂಬಯಿಯ ಫೋರಂ ಬಾಗಿಲು ತೆರೆದಿಟ್ಟಿತು. ಗುಮಾಸ್ತರು, ವಿದ್ಯಾರ್ಥಿಗಳು, ನಿವೃತ್ತರು ಒಳಬಂದರು. ಸಭಿಕರು ಹೆಚ್ಚಿದಂತೆ ಸಭಾಂಗಣಗಳು ಸಾಲದಾದವು. ಕೊನೆಗೆ ಬ್ರೆಬೋರ್ನ್ ಕ್ರೀಡಾಂಗಣಕ್ಕೇ ಹೋಗಬೇಕಾಯಿತು. ಕ್ರಿಕೆಟ್ ನೋಡಲು ಬರುವ ಜನರಂತೆ ಹಣಕಾಸು ವಿಧೇಯಕ ಕೇಳಲು ಹತ್ತಾರು ಸಾವಿರ ಮಂದಿ ಬರುತ್ತಿದ್ದರೆಂಬುದು ಇಂದಿನ ಪೀಳಿಗೆಗೆ ಕಟ್ಟುಕತೆಯಂತೆ ಕೇಳಿಸೀತು.

ಜನರು ಬಂದದ್ದು ವಾಗ್ವೈಖರಿಗಾಗಿ ಮಾತ್ರವೇ? ಪಾಲ್ಖಿವಾಲಾ ಕೈಯಲ್ಲಿ ಚೀಟಿ ಹಿಡಿಯದೆ ಅಂಕಿಅಂಶಗಳನ್ನು ಹೇಳುತ್ತಿದ್ದರೆಂಬುದು ನಿಜ. ಸರ್ ಜಮ್‌ಷೆಡ್‌ಜಿ ಕಾಂಗಾ ಅವರೊಡನೆ ಆದಾಯ ತೆರಿಗೆಯ ಪ್ರಮಾಣಗ್ರಂಥವನ್ನೇ ಬರೆದವರಿಗೆ ಅದು ಕಷ್ಟದ ಕೆಲಸವಾಗಿರಲಿಲ್ಲ. ಆದರೆ ಮುಖ್ಯ ಕಾರಣ ಬೇರೆ. 1973–74ರಲ್ಲಿ 2 ಲಕ್ಷ ರೂಪಾಯಿಗಳ ಮೇಲಿನ ಆದಾಯಕ್ಕೆ ಶೇಕಡಾ 85ರ ತೆರಿಗೆ, ಆ ತೆರಿಗೆಯ ಮೇಲೆ ಶೇಕಡಾ 15ರ ಅಧಿಭಾರ; ಒಟ್ಟು 97.75. ನೂರು ರೂಪಾಯಿಯಲ್ಲಿ ಗಳಿಸಿದವನಿಗೆ ಉಳಿಯುವುದು ಎರಡೂಕಾಲು. ಸಂಪತ್ತು ತೆರಿಗೆಯನ್ನೂ ಸೇರಿಸಿದರೆ ಕೆಲವರು ಆದಾಯಕ್ಕಿಂತ ಹೆಚ್ಚು ಕಟ್ಟಬೇಕಾಗುತ್ತಿತ್ತು. ಪರವಾನಗಿಗಾಗಿ ಸಚಿವಾಲಯದ ಮೆಟ್ಟಿಲು ಹತ್ತಬೇಕಾಗಿದ್ದ ಉದ್ಯಮಿ ಇದನ್ನು ಬಹಿರಂಗವಾಗಿ ಟೀಕಿಸಲು ಹಿಂಜರಿಯುತ್ತಿದ್ದ. ಅಂಥ ಕಾಲದಲ್ಲಿ ಒಬ್ಬರು ಲೆಕ್ಕವನ್ನು ಬಹಿರಂಗವಾಗಿ ಓದಿ ಹೇಳುತ್ತಿದ್ದರು.

ದರಗಳು ಮುಂದೆ ಇಳಿದದ್ದು ಈ ಭಾಷಣಗಳಿಂದಲೇ ಎನ್ನುವುದು ಅತಿಶಯೋಕ್ತಿ. 1971ರಲ್ಲಿಯೇ ವಾಂಛೂ ಸಮಿತಿ ಅಧಿಕ ದರಗಳು ತೆರಿಗೆ ವಂಚನೆಗೆ ಮೂಲವೆಂದು ವರದಿ ಮಾಡಿತ್ತು. ಫೋರಂನ ಕೊರತೆಗಳನ್ನೂ ಮರೆಯಲಾಗದು. ಅದು ಬಹುಪಾಲು ಇಂಗ್ಲಿಷಿನಲ್ಲಿ, ಮಹಾನಗರಗಳಲ್ಲಿ ಮಾತನಾಡಿತು. ಉಪನ್ಯಾಸದ ಭಾರವೆಲ್ಲ ಒಬ್ಬರ ಹೆಗಲ ಮೇಲಿದ್ದುದರಿಂದ ಅವರು ನಿಲ್ಲಿಸಿದ ಮೇಲೆ ಅಂಥ ಸಭೆ ಮತ್ತೆ ಸೇರಲಿಲ್ಲ.

ನಮ್ಮ ರಾಜ್ಯದಲ್ಲಿ 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಸಂಸ್ಥೆ ಹುಟ್ಟಿತು. ಇಂದು ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಸಂಸ್ಥೆಗಳಿವೆ, ಸಭಾಂಗಣಗಳಿವೆ. ಅಲ್ಲಿ ನಡೆಯುವ ಮುಂಗಡಪತ್ರದ ಸಭೆಗಳ ಸ್ವರೂಪ ಎಲ್ಲರಿಗೂ ಗೊತ್ತು. ಸಚಿವರು ಬಂದರೆ ಸ್ವಾಗತ, ಶಾಲು, ಹಾರ, ಮನವಿಪತ್ರ, ಊಟ. ಬಾರದಿದ್ದರೆ ದೊಡ್ಡ ಪರದೆಯ ಮೇಲೆ ನೇರಪ್ರಸಾರ, ಅದು ಮುಗಿಯುವುದರೊಳಗೆ ಪತ್ರಿಕೆಗಳಿಗೆ ಪದಾಧಿಕಾರಿಗಳ ಪ್ರತಿಕ್ರಿಯೆ: ಹತ್ತಕ್ಕೆ ಎಂಟು ಅಂಕ. ಭಾಷಣಕ್ಕೆ ಅಂಕ ಕೊಟ್ಟವರಲ್ಲಿ ಹಣಕಾಸು ವಿಧೇಯಕವನ್ನು ತೆರೆದು ನೋಡಿದವರೆಷ್ಟು?

ಇದರ ಬೆಲೆ ಏನೆಂಬುದಕ್ಕೆ ದೂರ ಹೋಗಬೇಕಿಲ್ಲ. 2023ರ ಹಣಕಾಸು ವಿಧೇಯಕ ಆದಾಯ ತೆರಿಗೆ ಕಾಯಿದೆಯ 43ಬಿ ಕಲಮಿಗೆ ಒಂದು ಉಪಖಂಡವನ್ನು ಸೇರಿಸಿತು. ಅತಿಸಣ್ಣ ಹಾಗೂ ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿಯನ್ನು ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ, ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕು. ಅವಧಿ ಮೀರಿ ವರ್ಷಾಂತ್ಯಕ್ಕೂ ಉಳಿದ ಬಾಕಿಗೆ ಆ ವರ್ಷ ಕಡಿತ ಸಿಗದು, ಪಾವತಿಸಿದ ವರ್ಷದಲ್ಲಿ ಸಿಗುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಮೂರು ನಾಲ್ಕು ತಿಂಗಳ ಉದ್ದರಿಯ ಮೇಲೆಯೇ ನಡೆಯುವ ಜವಳಿಯಂಥ ವ್ಯಾಪಾರದಲ್ಲಿ ಇದು ಬುಡವನ್ನೇ ಅಲುಗಿಸುವ ಮಾತು. ವಿಧೇಯಕ ಮಂಡನೆಯಾದದ್ದು 2023ರ ಫೆಬ್ರವರಿ 1ರಂದು. ಪೇಟೆಯಲ್ಲಿ ಗಾಬರಿ ಹುಟ್ಟಿದ್ದು 2024ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ, ಲೆಕ್ಕ ಮುಗಿಸುವ ಹೊತ್ತಿಗೆ. ಖರೀದಿದಾರರು ಸರಕನ್ನು ಹಿಂದಿರುಗಿಸಿದರು. ರಕ್ಷಣೆ ಸಿಗಬೇಕಾಗಿದ್ದ ಸಣ್ಣ ತಯಾರಕನೇ ಬೇಡಿಕೆ ಕಳೆದುಕೊಳ್ಳುವ ಭೀತಿಗೊಳಗಾದ. ತಿದ್ದುಪಡಿ ಕೇಳಲು ಸಮಯವಿದ್ದದ್ದು ವಿಧೇಯಕ ಸಂಸತ್ತಿನ ಮುಂದಿದ್ದ ವಾರಗಳಲ್ಲಿ. ಆಗ ಎಷ್ಟು ಸಭಾಂಗಣಗಳಲ್ಲಿ ಈ ಉಪಖಂಡವನ್ನು ಗಟ್ಟಿಯಾಗಿ ಓದಲಾಯಿತು?

1961ರ ಕಾಯಿದೆಯ ಸ್ಥಾನದಲ್ಲಿ 536 ಕಲಮುಗಳ ಹೊಸ ಆದಾಯ ತೆರಿಗೆ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿದೆ. ಪಾಲ್ಖಿವಾಲಾ ಅವರಂಥವರು ಪ್ರತಿ ಜಿಲ್ಲೆಯಲ್ಲೂ ಸಿಗಲಾರರು, ಸಿಗಬೇಕಾಗಿಯೂ ಇಲ್ಲ. ವಿಧೇಯಕವನ್ನು ಓದಿಬಂದ ಒಬ್ಬ ಲೆಕ್ಕಪರಿಶೋಧಕ, ಒಬ್ಬ ವಕೀಲ, ಸರ್ಕಾರದ ನಿಲುವನ್ನು ಸಮರ್ಥಿಸಬಲ್ಲ ಒಬ್ಬ ನಿವೃತ್ತ ತೆರಿಗೆ ಅಧಿಕಾರಿ, ಅವರನ್ನು ಪ್ರಶ್ನಿಸಲು ನ್ಯೂಯಾರ್ಕಿನವರಂತೆ ಮೊದಲೇ ನೇಮಿಸಿದ ಇಬ್ಬರು ವರ್ತಕರು. ಮುಂಗಡಪತ್ರ ಮಂಡನೆಯಾಗಿ ಹತ್ತು ದಿನ ಕಳೆದ ಮೇಲೆ, ಕನ್ನಡದಲ್ಲಿ, ಸದಸ್ಯರಲ್ಲದವರಿಗೂ ಪ್ರವೇಶವಿರುವಂತೆ ಇಂಥ ಸಭೆಯನ್ನು ಏರ್ಪಡಿಸಬಹುದು. ಅಲ್ಲಿ ಎದ್ದ ಆಕ್ಷೇಪಗಳನ್ನು ವಿಧೇಯಕ ಅಂಗೀಕಾರವಾಗುವ ಮೊದಲೇ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಬರೆದು ಕಳುಹಿಸಬಹುದು. ಶಾಲು ಹಾರಗಳಿಗೆ ಆಗುವ ಖರ್ಚಿನಲ್ಲಿ ಸಭೆಯ ನಡಾವಳಿಯನ್ನು ಹದಿನಾರು ಪುಟಗಳ ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಪೇಟೆಯ ಅಂಗಡಿಗಳಿಗೆ ಹಂಚಲೂಬಹುದು.